ಲಾರಿಯ ಮೀಟರ್ ಎಷ್ಟು ಸರಿ?

ಲಾರಿಯ ಸ್ಪೀಡೋಮೀಟರ್ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಅದು ಎಣಿಸುವುದು ಒಂದು ಶಾಫ್ಟಿನ ಸುತ್ತುಗಳನ್ನು. ಗೇರ್ ಬಾಕ್ಸಿನ ಹಿಂಬದಿಯಿಂದ ಹೊರಡುವ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ, ಆ ಒಂದು ಸುತ್ತಿಗೆ ಚಕ್ರ ನೆಲದ ಮೇಲೆ ಎಷ್ಟು ದೂರ ಸಾಗುತ್ತದೆ ಎಂಬ ಎರಡು ಲೆಕ್ಕಗಳನ್ನು ಕಾರ್ಖಾನೆಯಲ್ಲೇ ಮೀಟರಿಗೆ ಕಟ್ಟಿಕೊಟ್ಟಿರುತ್ತಾರೆ. ಲಾರಿ ರಸ್ತೆಗೆ ಇಳಿದ ಮೇಲೆ ಈ ಎರಡರಲ್ಲಿ ಯಾವುದು ಬದಲಾದರೂ ಮೀಟರಿಗೆ ಅದರ ಅರಿವಾಗುವುದಿಲ್ಲ. ಟೈರ್ ಸವೆದರೂ, ಬೇರೆ ಅಳತೆಯ ಟೈರ್ ಬಂದರೂ, ಹಿಂದಿನ ಆಕ್ಸಲ್ಲಿನ ಹೌಸಿಂಗಿನೊಳಗೆ ಚಕ್ರ ತಿರುಗಿಸುವ ಗೇರ್ ಜೋಡಿ, ಅಂದರೆ ಕ್ರೌನ್-ಪಿನಿಯನ್, ಬದಲಾದರೂ ಅದು ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಿರುತ್ತದೆ.

ಹಳೆಯ ಲಾರಿಗಳಲ್ಲಿ ಈ ಎಣಿಕೆಯ ಕೆಲಸ ಕೇಬಲ್ಲಿನದು. ಗೇರ್ ಬಾಕ್ಸಿನ ಹಿಂಭಾಗದಲ್ಲಿರುವ ಸಣ್ಣ ಪಿನಿಯನ್ ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ತಂತಿಯ ಇನ್ನೊಂದು ತುದಿ ಡ್ಯಾಶ್‌ಬೋರ್ಡಿನ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತಕ್ಕೂ ಅದನ್ನು ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲಿಗೂ ಎಲ್ಲಿಯೂ ಸ್ಪರ್ಶವಿಲ್ಲ. ತಿರುಗುವ ಅಯಸ್ಕಾಂತದಿಂದ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲು ಅದೇ ದಿಕ್ಕಿಗೆ ಎಳೆಯಲ್ಪಡುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎಳೆತ ಮತ್ತು ಹಿಡಿತ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಈ ಬಗೆಯ ಮೀಟರಿಗೆ ಸ್ಟ್ರಾಸ್‌ಬರ್ಗಿನ ಓಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ. ನೂರು ವರ್ಷ ದಾಟಿದ ಮೇಲೂ ಕೇಬಲ್ ಇರುವ ಲಾರಿಗಳಲ್ಲಿ ಇದೇ ಏರ್ಪಾಡು ದುಡಿಯುತ್ತಿದೆ.

ಈಚಿನ ಲಾರಿಗಳಲ್ಲಿ ಕೇಬಲ್ ಇಲ್ಲ. ಅದೇ ಜಾಗದಲ್ಲಿ ಒಂದು ಸೆನ್ಸರ್ ಕೂತು, ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ನಿರ್ದಿಷ್ಟ ಸಂಖ್ಯೆಯ ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ಒಂದು ಕಿಲೋಮೀಟರಿಗೆ ಇಷ್ಟು ಮಿಡಿತ ಎಂಬ ಸಂಖ್ಯೆಯನ್ನು, ಅಂದರೆ ಗುಣಾಂಕವನ್ನು, ಮೀಟರಿನ ಅಥವಾ ಎಂಜಿನ್ ನಿಯಂತ್ರಕದ ಸ್ಮೃತಿಯಲ್ಲಿ ಬರೆದಿರುತ್ತಾರೆ. ಇನ್ನು ಕೆಲವು ಲಾರಿಗಳು ಎಬಿಎಸ್ ಬ್ರೇಕಿನ ಚಕ್ರ ಸೆನ್ಸರುಗಳಿಂದಲೇ ವೇಗ ಪಡೆಯುತ್ತವೆ. ಅಂಥ ಲಾರಿಯಲ್ಲಿ ಕ್ರೌನ್-ಪಿನಿಯನ್ ಬದಲಾದರೂ ಮೀಟರ್ ಕೆಡುವುದಿಲ್ಲ, ಏಕೆಂದರೆ ಎಣಿಕೆ ನಡೆಯುವುದು ಹೌಸಿಂಗಿನಿಂದ ಆಚೆಗೆ, ಚಕ್ರದ ಬಳಿಯೇ. ಟೈರ್ ಬದಲಾದರೆ ಮಾತ್ರ ಅದೂ ತಪ್ಪುತ್ತದೆ. ಹಾಗಾಗಿ ಪರೀಕ್ಷೆಗೆ ಕೈಹಾಕುವ ಮೊದಲು ತಮ್ಮ ಲಾರಿಯ ಮೀಟರಿಗೆ ಸುದ್ದಿ ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು.

ಮೀಟರ್ ಎಷ್ಟು ತಪ್ಪಬಹುದು ಎಂಬುದಕ್ಕೆ ಕಾನೂನಿನ ಗೆರೆಯಿದೆ. ಭಾರತದಲ್ಲಿ ಸ್ಪೀಡೋಮೀಟರನ್ನು ಕಡ್ಡಾಯ ಮಾಡಿರುವುದು ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ. ಉಪಕರಣಕ್ಕೆ ಐಎಸ್ 11827 ಎಂಬ ಭಾರತೀಯ ಮಾನಕವಿದೆ. ಜಗತ್ತಿನ ಬಹುಪಾಲು ದೇಶಗಳು ನೋಡುವುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದ ಕಡೆಗೆ. ಅದರ ಸೂತ್ರ ಸರಳ. ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು. ಹೆಚ್ಚಿದ್ದರೆ ನಿಜ ವೇಗದ ಹತ್ತನೇ ಒಂದು ಭಾಗಕ್ಕೆ 4 ಕಿಲೋಮೀಟರ್ ಸೇರಿಸಿದಷ್ಟನ್ನು ಮೀರಕೂಡದು. ಲಾರಿ ನಿಜಕ್ಕೂ ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುತ್ತಿದ್ದರೆ ಮೀಟರ್ 60ರಿಂದ 70ರವರೆಗೆ ಏನನ್ನಾದರೂ ತೋರಿಸಬಹುದು. 80ರಲ್ಲಿ ಓಡುತ್ತಿದ್ದರೆ 92ರವರೆಗೂ ತೋರಿಸಬಹುದು. ಈ ಕಿಟಕಿ ಬಹಳ ಅಗಲವಾಯಿತು ಎನ್ನದೆ ವಿಧಿಯಿಲ್ಲ. ನಿಯಮದ ಕಣ್ಣಿಗೆ ಪಾಸಾದ ಮೀಟರ್ ನಿಖರವಾದ ಮೀಟರ್ ಆಗಿರಬೇಕೆಂದೇನಿಲ್ಲ. ಅಮೆರಿಕದ ಸರಕು ವಾಹನ ನಿಯಮದ ದಾರಿ ಬೇರೆ: ಗಂಟೆಗೆ 50 ಮೈಲಿ ವೇಗದಲ್ಲಿ 5 ಮೈಲಿ ಅತ್ತಿತ್ತ ಆದರೆ ಅಡ್ಡಿಯಿಲ್ಲ. ಅಲ್ಲಿ ಕಡಿಮೆ ತೋರಿಸುವುದಕ್ಕೂ ಅವಕಾಶವಿದೆ.

ಕಡಿಮೆ ತೋರಿಸಬಾರದು ಎಂಬ ಕಟ್ಟುನಿಟ್ಟಿನಿಂದಾಗಿಯೇ ಅನೇಕ ತಯಾರಕರು ಮುಳ್ಳನ್ನು ಉದ್ದೇಶಪೂರ್ವಕವಾಗಿ ಎರಡು ಮೂರು ಕಿಲೋಮೀಟರ್ ಮುಂದಕ್ಕೆ ಇಡುತ್ತಾರೆ. ಹೊಸ ಲಾರಿಯ ಮುಳ್ಳು 60 ತೋರಿಸುವಾಗ ನಿಜ ವೇಗ 57 ಇದ್ದರೆ ಅದು ದೋಷವಲ್ಲ. ಆದರೆ ಅದೇ ಲಾರಿಯ ಓಡೋಮೀಟರ್, ಅಂದರೆ ಓಡಿದ ದೂರವನ್ನು ಕೂಡಿಡುವ ಅಂಕಿಗಳ ಸಾಲು, ಬಹುತೇಕ ಸರಿಯಾಗಿಯೇ ಇರುತ್ತದೆ. ಮುಳ್ಳಿಗೂ ಓಡೋಮೀಟರಿಗೂ ನಡುವಿನ ಈ ವ್ಯತ್ಯಾಸವನ್ನು ಗಮನಿಸದೆ ಮಾಡಿದ ರಿಪೇರಿಗಳೇ ಹೆಚ್ಚು ಅಧ್ವಾನಕ್ಕೆ ಕಾರಣ. ಅದರ ವಿವರ ಮುಂದೆ ಬರುತ್ತದೆ.

ಮೊದಲು ಟೈರಿನ ವಿಚಾರ. 295/90 ಆರ್20 ಎಂದು ಬರೆದಿರುವ ಟೈರಿನ ವ್ಯಾಸವನ್ನು ಆ ಬರಹದಿಂದಲೇ ಲೆಕ್ಕ ಹಾಕಬಹುದು. ಅಗಲ 295 ಮಿಲಿಮೀಟರ್. ಎತ್ತರ ಅದರ ಶೇ 90, ಅಂದರೆ 265.5; ರಿಮ್ 20 ಅಂಗುಲ, ಅಂದರೆ 508 ಮಿಲಿಮೀಟರ್. ಮೇಲೊಂದು ಕೆಳಗೊಂದು ಎತ್ತರ ಸೇರಿಸಿದರೆ ವ್ಯಾಸ 1,039 ಮಿಲಿಮೀಟರ್. ಭಾರ ಹೊತ್ತ ಟೈರ್ ನೆಲದ ಬಳಿ ಚಪ್ಪಟೆಯಾಗುವುದರಿಂದ ಒಂದು ಸುತ್ತಿಗೆ ಸಾಗುವ ದೂರ ಶಾಲೆಯಲ್ಲಿ ಕಲಿತ 3.14ರ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಯೂರೋಪಿನ ಟೈರ್ ಮಾನಕಗಳಲ್ಲಿ ರೇಡಿಯಲ್ ಟೈರಿಗೆ ವ್ಯಾಸದ 3.05 ಪಟ್ಟು, ನೈಲಾನ್ ಟೈರಿಗೆ 2.99 ಪಟ್ಟು ಎಂದು ಹಿಡಿಯುತ್ತಾರೆ. ಆ ಪ್ರಕಾರ ಈ ಟೈರಿನ ಒಂದು ಸುತ್ತು 3.169 ಮೀಟರ್, ಒಂದು ಕಿಲೋಮೀಟರಿಗೆ ಸುಮಾರು 315 ಸುತ್ತು.

ಲಾರಿಯ ಹಿಂದಿನ ಟೈರಿಗೆ ಹೊಸದಿದ್ದಾಗ ಇರುವ ರಬ್ಬರಿನಲ್ಲಿ 12 ಮಿಲಿಮೀಟರ್ ಸವೆದರೆ ವ್ಯಾಸದಲ್ಲಿ 24 ಮಿಲಿಮೀಟರ್ ಹೋಯಿತು. ಅದು ಶೇ 2.3. ಚಿಕ್ಕದಾದ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಮೀಟರ್ ಅಷ್ಟನ್ನೂ ಎಣಿಸಿ ಹೆಚ್ಚಿನ ವೇಗ ತೋರಿಸುತ್ತದೆ. ಸವೆತದಿಂದ ಆಗುವ ತಪ್ಪು ಹೀಗೆ ಸದಾ ಸುರಕ್ಷಿತ ದಿಕ್ಕಿನದು. ತೊಂದರೆಯಿರುವುದು ಎದುರು ದಿಕ್ಕಿನಲ್ಲಿ. 9.00 ಆರ್20 ಟೈರಿಗೆ ಕಟ್ಟಿದ ಮೀಟರ್ ಇರುವ ಲಾರಿಗೆ, ಹೆಚ್ಚು ಭಾರ ತಡೆಯಲಿ ಎಂದು ಮಾಲೀಕ 10.00 ಆರ್20 ಹಾಕಿಸುತ್ತಾನೆ ಎಂದುಕೊಳ್ಳಬಹುದು. ಮೊದಲನೆಯದರ ವ್ಯಾಸ ಸುಮಾರು 1,018 ಮಿಲಿಮೀಟರ್, ಎರಡನೆಯದು ಸುಮಾರು 1,054. ಈಗ ಲಾರಿ ನಿಜಕ್ಕೂ 60ರಲ್ಲಿ ಓಡುತ್ತಿದ್ದರೆ ಮೀಟರಿನ ಎಣಿಕೆಗೆ ಅದು 58 ಮಾತ್ರ. ಮುಳ್ಳಿಗೆ ಮೊದಲೇ ಕೊಟ್ಟಿದ್ದ ಎರಡು ಮೂರು ಕಿಲೋಮೀಟರಿನ ರಿಯಾಯಿತಿ ಇಲ್ಲಿಗೆ ಕರಗಿತು.

ಗಾಳಿ ಕಡಿಮೆಯಾದರೆ ಮೀಟರ್ ತಪ್ಪುತ್ತದೆ ಎಂಬ ನಂಬಿಕೆ ಡ್ರೈವರುಗಳಲ್ಲಿ ವ್ಯಾಪಕವಾಗಿದೆ. ರೇಡಿಯಲ್ ಟೈರಿನ ಮಟ್ಟಿಗೆ ಇದು ಅಷ್ಟೇನೂ ನಿಜವಲ್ಲ. ಅದರ ಮೈಸುತ್ತ ಇರುವ ಉಕ್ಕಿನ ಪಟ್ಟಿಯ ಉದ್ದ ಬದಲಾಗುವುದಿಲ್ಲವಾದ್ದರಿಂದ ಗಾಳಿ ಸ್ವಲ್ಪ ಇಳಿದರೂ ಒಂದು ಸುತ್ತಿನ ದೂರ ಶೇ 1ರಷ್ಟೂ ಕದಲದು. ನೈಲಾನ್ ಟೈರಿನಲ್ಲಿ ಪರಿಣಾಮ ಇನ್ನಷ್ಟು ಕಾಣುತ್ತದೆ. ರಿಸೋಲ್ ಮಾಡಿಸಿದ, ಅಂದರೆ ಸವೆದ ಮೈಗೆ ಹೊಸ ರಬ್ಬರ್ ಹಾಕಿಸಿದ, ಟೈರುಗಳ ಕಥೆ ಬೇರೆ: ಹಾಕಿದ ರಬ್ಬರಿನ ದಪ್ಪ ಅಂಗಡಿಯಿಂದ ಅಂಗಡಿಗೆ ಬದಲಾಗುವುದರಿಂದ ಒಂದೇ ಅಳತೆಯ ಎರಡು ಟೈರುಗಳ ಸುತ್ತಳತೆ ಒಂದೇ ಇರಬೇಕಿಲ್ಲ. ಅಕ್ಕಪಕ್ಕ ಜೋಡಿಯಾಗಿ ಓಡುವ ಹಿಂದಿನ ಚಕ್ರಗಳಲ್ಲಿ ಇದು ಮೀಟರಿಗಿಂತ ಟೈರಿಗೇ ಹೆಚ್ಚು ಕೇಡು.

ಟೈರಿನ ತಪ್ಪು ಶೇಕಡಾ ಎರಡು ಮೂರರ ಲೆಕ್ಕದ್ದಾದರೆ, ಹೌಸಿಂಗಿನಲ್ಲಿ ಆಗುವ ತಪ್ಪು ಅದನ್ನು ಮೀರಿದ್ದು. ಭಾರತದ ಲಾರಿಗಳಲ್ಲಿ ಚೆನ್ನಾಗಿ ಪರಿಚಿತವಾದ ಎರಡು ಕ್ರೌನ್-ಪಿನಿಯನ್ ಅನುಪಾತಗಳು 41/7 ಮತ್ತು 41/6, ಅಂದರೆ 5.857 ಮತ್ತು 6.833. ಘಾಟಿ ಏರಲು ಎರಡನೆಯದು ಅನುಕೂಲ, ಬಯಲು ಹೆದ್ದಾರಿಯಲ್ಲಿ ಡೀಸೆಲ್ ಉಳಿಸಲು ಮೊದಲನೆಯದು. ಕ್ರೌನ್-ಪಿನಿಯನ್ ಒಡೆದಾಗ ಸಿಕ್ಕಿದ ಸೆಟ್ ಹಾಕಿ ಲಾರಿಯನ್ನು ರಸ್ತೆಗೆ ಬಿಡುವುದೂ ಇದೆ. 41/6ಕ್ಕೆ ಕಟ್ಟಿದ ಮೀಟರಿರುವ ಲಾರಿಗೆ 41/7 ಸೆಟ್ ಹಾಕಿದರೆ, ಗೇರ್ ಬಾಕ್ಸಿನ ಹಿಂದಿನಿಂದ ಎಣಿಸುವ ಮೀಟರಿನಲ್ಲಿ 60 ಕಂಡಾಗ ಲಾರಿ 70ರಲ್ಲಿ ಓಡುತ್ತಿರುತ್ತದೆ.

ಇದರ ಪರಿಣಾಮ ಮುಳ್ಳಿಗೆ ನಿಲ್ಲುವುದಿಲ್ಲ. 2015ರ ಅಕ್ಟೋಬರ್ 1ರ ನಂತರ ತಯಾರಾದ ಸಾರಿಗೆ ವಾಹನಗಳಿಗೆ 118ನೇ ನಿಯಮದಡಿ ಸ್ಪೀಡ್ ಗವರ್ನರ್ ಕಡ್ಡಾಯ. ಸಾಮಾನ್ಯ ಲಾರಿಗೆ ಮಿತಿ ಗಂಟೆಗೆ 80 ಕಿಲೋಮೀಟರ್. ಡಂಪರ್, ಟ್ಯಾಂಕರ್, ಅಪಾಯಕಾರಿ ಸರಕಿನ ವಾಹನಗಳಿಗೆ 60. ಗವರ್ನರ್ ಓದುವುದೂ ಮೀಟರಿಗೆ ಬರುವ ಮಿಡಿತಗಳನ್ನೇ. ಮೇಲಿನ ಉದಾಹರಣೆಯ ಲಾರಿಯಲ್ಲಿ ಅದು ತನ್ನ ಲೆಕ್ಕದ 80ಕ್ಕೆ ಎಂಜಿನ್ ತಡೆಹಿಡಿಯುವ ಹೊತ್ತಿಗೆ ನಿಜ ವೇಗ 93 ದಾಟಿರುತ್ತದೆ. ಗವರ್ನರಿನ ಸೀಲ್ ಭದ್ರವಾಗಿದೆ, ಕಾಗದಪತ್ರವೂ ಸರಿಯಿದೆ, ಲಾರಿ ಮಾತ್ರ ಮಿತಿ ಮೀರಿ ಓಡುತ್ತಿದೆ. 2018ರ ಏಪ್ರಿಲಿನ ಕೇಂದ್ರ ಅಧಿಸೂಚನೆಯಂತೆ ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್‌ವೇ ಮತ್ತು ವಿಭಜಕವಿರುವ ಚತುಷ್ಪಥದಲ್ಲಿ 80, ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 60 ಗರಿಷ್ಠ ಮಿತಿ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾ ಅಳೆಯುವುದು ಲಾರಿಯ ನಿಜ ವೇಗವನ್ನು. ಡ್ಯಾಶ್‌ಬೋರ್ಡಿನ ಮುಳ್ಳು ಏನು ಹೇಳುತ್ತಿತ್ತು ಎಂದು ಅದು ಕೇಳುವುದಿಲ್ಲ.

ಇನ್ನು ಮೂರನೆಯ ಬಗೆಯ ತಪ್ಪು ಮೀಟರಿನ ಒಳಗಿನದು. ಕೇಬಲ್ ಮೀಟರಿನಲ್ಲಿ ವರ್ಷಗಳು ಕಳೆದಂತೆ ಅಯಸ್ಕಾಂತದ ಶಕ್ತಿ ಕುಂದಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಸ್ಪ್ರಿಂಗ್ ಸಡಿಲವಾದರೆ ಹೆಚ್ಚು ತೋರಿಸುತ್ತದೆ. ಓಡೋಮೀಟರ್ ಮಾತ್ರ ಹಲ್ಲುಚಕ್ರಗಳಿಂದ ನಡೆಯುವಂಥದ್ದು. ಅದಕ್ಕೆ ಅಯಸ್ಕಾಂತದ ಹಂಗೂ ಇಲ್ಲ, ಸ್ಪ್ರಿಂಗಿನ ಹಂಗೂ ಇಲ್ಲ. ಕೇಬಲ್ ಇಷ್ಟು ಸುತ್ತು ತಿರುಗಿದರೆ ಇಷ್ಟು ದೂರ ಎಂದು ಲೆಕ್ಕ ತಪ್ಪದೆ ಬರೆಯುತ್ತದೆ. ಎಲೆಕ್ಟ್ರಾನಿಕ್ ಮೀಟರಿನಲ್ಲೂ ದೂರ ಎಂದರೆ ಮಿಡಿತಗಳ ನೇರ ಎಣಿಕೆ. ಮುಳ್ಳು ಮಾತ್ರ ಸಣ್ಣ ಮೋಟಾರಿನಿಂದ ತಿರುಗುವಂಥದ್ದು, ಅದು ತನ್ನದೇ ಆದ ತಪ್ಪನ್ನು ಸೇರಿಸಬಹುದು. ಹೀಗಾಗಿ ಓಡೋಮೀಟರ್ ತಪ್ಪಿದರೆ ದೋಷ ಟೈರ್, ಗೇರ್ ಅಥವಾ ಗುಣಾಂಕದಲ್ಲಿದೆ. ಓಡೋಮೀಟರ್ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದರೆ ದೋಷ ಮೀಟರಿನೊಳಗಿದೆ. ಪರೀಕ್ಷೆಯ ಇಡೀ ಜಾಣತನ ಇರುವುದು ಈ ಎರಡನ್ನು ಬೇರ್ಪಡಿಸುವುದರಲ್ಲಿ.

ಪರೀಕ್ಷೆಗೆ ಮೊದಲು ಟೈರುಗಳಲ್ಲಿ ತಣ್ಣಗಿದ್ದಾಗ ಸರಿಯಾದ ಗಾಳಿ ಇರಬೇಕು, ಲಾರಿ ಸಾಮಾನ್ಯವಾಗಿ ಹೊರುವಷ್ಟು ಭಾರ ಹೊತ್ತಿರಬೇಕು. ಚಕ್ರ ಬೆಚ್ಚಗಾಗಲು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಆಮೇಲೆ ಅಳತೆ ಶುರುಮಾಡುವುದು ಒಳ್ಳೆಯದು. ಜಾಗವೂ ಮುಖ್ಯ. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳು ಇದಕ್ಕೆ ಆಗಿಬರುವುದಿಲ್ಲ. ತುಮಕೂರು ದಾಟಿ ಹಿರಿಯೂರು, ಚಿತ್ರದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಉದ್ದಕ್ಕೆ ನೇರವಾಗಿ, ಬಹುತೇಕ ಸಮತಟ್ಟಾಗಿ ಸಿಗುವ ತುಂಡುಗಳು ಹೇಳಿಮಾಡಿಸಿದಂತಿವೆ. ನಸುಕಿನ ಹೊತ್ತಾದರೆ ಸಂಚಾರವೂ ಕಡಿಮೆ.

ಹಳೆಯ ವಿಧಾನಕ್ಕೆ ಬೇಕಾದದ್ದು ಕಿಲೋಮೀಟರ್ ಕಲ್ಲು ಮತ್ತು ಸ್ಟಾಪ್‌ವಾಚ್ ಗಡಿಯಾರ. ಡ್ರೈವರ್ ಮುಳ್ಳನ್ನು 60ರಲ್ಲಿ ಅಲುಗದಂತೆ ಹಿಡಿಯಬೇಕು. ಪಕ್ಕದಲ್ಲಿ ಕೂತ ಕ್ಲೀನರ್ ಬಾಗಿಲ ಕಿಟಕಿಯ ಅಂಚಿಗೆ ಕಲ್ಲು ಬಂದ ಕ್ಷಣ ಗಡಿಯಾರ ಒತ್ತಬೇಕು, ಮುಂದಿನ ಕಲ್ಲು ಅದೇ ಅಂಚಿಗೆ ಬಂದಾಗ ನಿಲ್ಲಿಸಬೇಕು. ಓದುವುದೂ ಒತ್ತುವುದೂ ಡ್ರೈವರಿನ ಕೆಲಸವಲ್ಲ. 3,600ನ್ನು ಸೆಕೆಂಡುಗಳಿಂದ ಭಾಗಿಸಿದರೆ ನಿಜ ವೇಗ ಬರುತ್ತದೆ. ಒಂದು ಕಿಲೋಮೀಟರಿಗೆ 60 ಸೆಕೆಂಡ್ ಹಿಡಿದರೆ ವೇಗ 60. 65 ಸೆಕೆಂಡ್ ಹಿಡಿದರೆ 55.4, 80 ಸೆಕೆಂಡ್ ಹಿಡಿದರೆ 45. ಗಡಿಯಾರ ಒತ್ತುವುದರಲ್ಲಿ ಕಾಲು ಸೆಕೆಂಡ್ ಅತ್ತಿತ್ತ ಆಗುವುದು ಸಹಜವಾದ್ದರಿಂದ ಒಂದೇ ಕಿಲೋಮೀಟರಿಗಿಂತ ಐದು ಕಿಲೋಮೀಟರ್ ಅಳೆದರೆ ಆ ತಪ್ಪು ಐದನೇ ಒಂದಕ್ಕೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಪ್ರತಿ ಐದನೇ ಕಲ್ಲು ಉಳಿದವಕ್ಕಿಂತ ದೊಡ್ಡದಿರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಬೈಪಾಸ್ ಆದ ಕಡೆ, ರಸ್ತೆ ನೇರ ಮಾಡಿದ ಕಡೆ ಕಲ್ಲುಗಳ ನಡುವಿನ ದೂರ ಸಾಚಾ ಇರುವುದಿಲ್ಲ. ಒಂದೇ ಮುಳ್ಳಿಗೆ ಕಲ್ಲಿನಿಂದ ಕಲ್ಲಿಗೆ ಸೆಕೆಂಡುಗಳು ಎದ್ದು ಬಿದ್ದು ಬಂದರೆ ದೂರಬೇಕಾದದ್ದು ಕಲ್ಲನ್ನು.

ಈಗ ಜೇಬಿನ ಮೊಬೈಲಿನಲ್ಲೇ ಜಿಪಿಎಸ್ ಇದೆ. ಉಪಗ್ರಹದ ಸಂಕೇತಗಳ ಕಂಪನಾಂಕದಲ್ಲಿ ಆಗುವ ಸೂಕ್ಷ್ಮ ಬದಲಾವಣೆಯಿಂದ ಅದು ವೇಗ ಕಂಡುಹಿಡಿಯುತ್ತದೆ. ಬಯಲಿನಲ್ಲಿ, ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಓಡುವಾಗ ಅದರ ತಪ್ಪು ಗಂಟೆಗೆ ಅರ್ಧ ಕಿಲೋಮೀಟರಿಗಿಂತ ಕಡಿಮೆ. ಯಾವ ಲಾರಿಯ ಮೀಟರಿಗೂ ಇದು ಸಾಕಷ್ಟು ಒಳ್ಳೆಯ ಅಳತೆಗೋಲು. ಆದರೆ ವೇಗ ಏರಿಳಿಯುವಾಗ ಅದು ಒಂದೆರಡು ಸೆಕೆಂಡ್ ಹಿಂದೆ ಬೀಳುತ್ತದೆ. ಮೇಲ್ಸೇತುವೆಯ ಅಡಿಯಲ್ಲಿ, ಮರಗಳ ದಟ್ಟ ನೆರಳಿನಲ್ಲಿ ತಡವರಿಸುತ್ತದೆ. ಆದ್ದರಿಂದ ಮುಳ್ಳನ್ನು ಒಂದು ವೇಗದಲ್ಲಿ ಕನಿಷ್ಠ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿದು, ಮೊಬೈಲಿನ ಅಂಕಿ ನೆಲೆಗೊಂಡ ಮೇಲೆ ಬರೆದುಕೊಳ್ಳಬೇಕು. ಮೊಬೈಲ್ ಸ್ಟ್ಯಾಂಡಿನಲ್ಲಿರಬೇಕು, ಓದುವವನು ಡ್ರೈವರ್ ಆಗಿರಬಾರದು.

ಒಂದೇ ವೇಗದಲ್ಲಿ ನೋಡಿ ಮುಗಿಸುವುದು ಸಾಮಾನ್ಯವಾಗಿ ಆಗುವ ಅರೆಕೆಲಸ. 30, 40, 50, 60, 70 ಹೀಗೆ ಹಲವು ವೇಗಗಳಲ್ಲಿ ಮುಳ್ಳು ಮತ್ತು ನಿಜ ವೇಗವನ್ನು ಅಕ್ಕಪಕ್ಕ ಬರೆದಾಗ ತಪ್ಪಿನ ಸ್ವಭಾವ ಕಾಣುತ್ತದೆ. ಮುಳ್ಳು 40ರಲ್ಲಿ ನಿಜ ವೇಗ 37, 50ರಲ್ಲಿ 46.3, 60ರಲ್ಲಿ 55.6, 70ರಲ್ಲಿ 64.8 ಬಂದಿದೆಯೆಂದರೆ ಎಲ್ಲ ಕಡೆಯೂ ಮುಳ್ಳು ಶೇ 8 ಹೆಚ್ಚು ಹೇಳುತ್ತಿದೆ; ವೇಗದ ಜೊತೆಗೇ ಬೆಳೆಯುವ ಇಂಥ ತಪ್ಪು ಟೈರ್, ಗೇರ್, ಗುಣಾಂಕದ ಕಡೆಗೆ ಬೆರಳು ಮಾಡುತ್ತದೆ. 40ಕ್ಕೆ 37, 60ಕ್ಕೆ 57, 70ಕ್ಕೆ 67 ಬಂದರೆ ಎಲ್ಲ ಕಡೆಯೂ ಅದೇ ಮೂರು ಕಿಲೋಮೀಟರ್. ಮುಳ್ಳನ್ನು ಅದರ ಕಡ್ಡಿಯ ಮೇಲೆ ತಪ್ಪಾಗಿ ಕೂರಿಸಿದ್ದಾರೆ, ಇಲ್ಲವೇ ತಯಾರಕರೇ ಹಾಗೆ ಇಟ್ಟಿದ್ದಾರೆ. ಕೆಳವೇಗದಲ್ಲಿ ಸರಿಯಿದ್ದು ಮೇಲೆ ಹೋದಂತೆ ಅಡ್ಡಾದಿಡ್ಡಿ ಬಂದರೆ ಮೀಟರಿನ ಒಳಭಾಗ ಸವೆದಿದೆ. ಮುಳ್ಳು ಒಂದು ಕಡೆ ನಿಲ್ಲದೆ ನಡುಗುತ್ತಿದ್ದರೆ ಅಂಕಿ ಬರೆಯುವುದೇ ವ್ಯರ್ಥ. ಮೊದಲು ಕೇಬಲ್ ನೋಡಬೇಕು.

ಇದಾದ ಮೇಲೆ ಓಡೋಮೀಟರಿನ ಸರದಿ. ಕಲ್ಲುಗಳ ಲೆಕ್ಕದಲ್ಲಿ 20 ಕಿಲೋಮೀಟರ್ ಓಡಿ, ಅಷ್ಟರಲ್ಲಿ ಓಡೋಮೀಟರ್ ಎಷ್ಟು ಮುಂದೆ ಹೋಯಿತು ಎಂದು ನೋಡಬೇಕು. ಜಿಪಿಎಸ್ ದೂರವನ್ನೂ ಬಳಸಬಹುದು, ಆದರೆ ತಿರುವುಗಳನ್ನು ಅದು ಅಡ್ಡ ಕತ್ತರಿಸಿ ದೂರವನ್ನು ಸ್ವಲ್ಪ ಕಡಿಮೆ ಮಾಡುವುದರಿಂದ ನೇರ ರಸ್ತೆಯಲ್ಲಿ ಮಾತ್ರ ನಂಬಬೇಕು. ಓಡೋಮೀಟರ್ 21.6 ತೋರಿಸಿದರೆ ಮುಳ್ಳಿನಲ್ಲಿ ಕಂಡ ಶೇ 8ರ ತಪ್ಪು ಪೂರ್ತಿಯಾಗಿ ಟೈರ್-ಗೇರ್-ಗುಣಾಂಕದ್ದು. 20.0 ತೋರಿಸಿದರೆ ಅವೆಲ್ಲ ಸರಿಯಿವೆ, ತಪ್ಪು ಮುಳ್ಳಿನದು. 20.6 ತೋರಿಸಿದರೆ ಶೇ 3 ಮಾತ್ರ ಟೈರ್-ಗೇರ್-ಗುಣಾಂಕದ್ದು, ಉಳಿದ ಸುಮಾರು ಶೇ 5 ಮೀಟರಿನ ಒಳಗಿನದು.

ರಿಪೇರಿಯಲ್ಲಿ ಎಡವುವುದು ಇಲ್ಲೇ. ಮುಳ್ಳು ಶೇ 8 ಹೆಚ್ಚು ಹೇಳುತ್ತಿದೆ ಎಂದು ಗುಣಾಂಕವನ್ನೇ ಶೇ 8 ಬದಲಾಯಿಸಿದರೆ ಮುಳ್ಳು ಸರಿಹೋದಂತೆ ಕಾಣುತ್ತದೆ, ಓಡೋಮೀಟರ್ ಕೆಡುತ್ತದೆ, ಗವರ್ನರ್ ಮಿತಿ ಮೀರಿದ ವೇಗಕ್ಕೆ ಸರಿಯುತ್ತದೆ. ಗುಣಾಂಕ ತಿದ್ದಬೇಕಾದದ್ದು ಓಡೋಮೀಟರ್ ನೋಡಿ. ಮುಳ್ಳನ್ನು ನೋಡಿ ತಿದ್ದಬೇಕಾದದ್ದು ಮುಳ್ಳನ್ನು ಮಾತ್ರ. ಜೊತೆಗೆ, ಮುಳ್ಳನ್ನು ನಿಜ ವೇಗಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ತರುವ ಹಟವೂ ಒಳ್ಳೆಯದಲ್ಲ. ಸವೆದ ಟೈರಿನಲ್ಲಿ ಹಾಗೆ ತಂದಿಟ್ಟ ಮುಳ್ಳು, ಹೊಸ ಟೈರ್ ಹಾಕಿದ ದಿನ ನಿಜಕ್ಕಿಂತ ಕಡಿಮೆ ಹೇಳತೊಡಗುತ್ತದೆ. ಲೆಕ್ಕವನ್ನು ಸದಾ ಹೊಸ ಟೈರಿನ ಸುತ್ತಳತೆಗೆ ಕಟ್ಟಬೇಕು. ಆಗ ಸವೆತ ಮುಳ್ಳನ್ನು ಸುರಕ್ಷಿತ ದಿಕ್ಕಿಗೇ ತಳ್ಳುತ್ತದೆ.

ಟೈರಿನ ಸುತ್ತಳತೆಯನ್ನು ಅಂಗಳದಲ್ಲೇ ಅಳೆಯಬಹುದು. ಹಿಂದಿನ ಚಕ್ರದ ಕೆಳಗೆ ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಲಾರಿಯನ್ನು ನಿಧಾನವಾಗಿ ನೇರವಾಗಿ ಮುಂದಕ್ಕೆ ಬಿಟ್ಟು, ಹತ್ತನೇ ಸುತ್ತಿಗೆ ಗುರುತು ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು ಹಾಕಬೇಕು. ಜಮೀನು ಅಳೆಯುವ ಟೇಪಿನಿಂದ ಎರಡರ ನಡುವಿನ ದೂರ ಅಳೆದು ಹತ್ತರಿಂದ ಭಾಗಿಸಿದರೆ ಮುಗಿಯಿತು. 31 ಮೀಟರ್ 69 ಸೆಂಟಿಮೀಟರ್ ಬಂದರೆ ಒಂದು ಸುತ್ತು 3.169 ಮೀಟರ್. ಒಂದೇ ಸುತ್ತು ಅಳೆದರೆ ಒಂದು ಸೆಂಟಿಮೀಟರ್ ತಪ್ಪೂ ದೊಡ್ಡದಾಗುತ್ತದೆ, ಹತ್ತರಲ್ಲಿ ಅದು ಹಂಚಿಹೋಗುತ್ತದೆ.

ಎಲೆಕ್ಟ್ರಾನಿಕ್ ಮೀಟರಿನ ಗುಣಾಂಕ ಹುಟ್ಟುವುದು ಮೂರು ಸಂಖ್ಯೆಗಳ ಗುಣಾಕಾರದಿಂದ: ಶಾಫ್ಟಿನ ಒಂದು ಸುತ್ತಿಗೆ ಸೆನ್ಸರ್ ಕೊಡುವ ಮಿಡಿತಗಳು, ಹೌಸಿಂಗಿನ ಅನುಪಾತ, ಕಿಲೋಮೀಟರಿಗೆ ಚಕ್ರದ ಸುತ್ತುಗಳು. ಸೆನ್ಸರ್ 8 ಮಿಡಿತ ಕೊಡುವಂಥದ್ದಾದರೆ, ಅನುಪಾತ 5.857 ಆದರೆ, ಚಕ್ರ 315.5 ಸುತ್ತಾದರೆ, ಗುಣಾಂಕ ಸುಮಾರು 14,783. ಲೆಕ್ಕದಿಂದ ಬಂದ ಸಂಖ್ಯೆಗೂ ಮೀಟರಿನಲ್ಲಿ ಬರೆದಿರುವುದಕ್ಕೂ ದೊಡ್ಡ ಅಂತರ ಕಂಡರೆ ಹಿಂದೆ ಯಾರೋ ಟೈರನ್ನೋ ಕ್ರೌನನ್ನೋ ಬದಲಿಸಿದ್ದಾರೆ ಎಂದು ತಿಳಿಯುತ್ತದೆ. ರಸ್ತೆಯ ಪರೀಕ್ಷೆಯಿಂದಲೂ ತಿದ್ದಬಹುದು: ಹಳೆಯ ಗುಣಾಂಕವನ್ನು ಓಡೋಮೀಟರ್ ತೋರಿಸಿದ ದೂರದಿಂದ ಗುಣಿಸಿ ನಿಜ ದೂರದಿಂದ ಭಾಗಿಸಬೇಕು. 20 ಕಿಲೋಮೀಟರಿಗೆ 20.6 ತೋರಿಸಿದ ಲಾರಿಯಲ್ಲಿ 14,783 ಎಂಬುದು 15,226 ಆಗುತ್ತದೆ. ಪರೀಕ್ಷೆ ಮಾಡಿದ್ದು ಸವೆದ ಟೈರಿನಲ್ಲಾದರೆ ಸವೆತದ ಪಾಲನ್ನು ಮೊದಲು ಕಳೆಯಬೇಕು.

ಈ ಸಂಖ್ಯೆಯನ್ನು ಬರೆಯುವ ಬಗೆ ಲಾರಿಯಿಂದ ಲಾರಿಗೆ ಬೇರೆ. ಕೆಲವು ಹಳೆಯ ಎಲೆಕ್ಟ್ರಾನಿಕ್ ಮೀಟರುಗಳ ಬೆನ್ನಿಗೆ ಸಣ್ಣ ಸ್ವಿಚ್ಚುಗಳ ಸಾಲಿರುತ್ತದೆ; ಅವನ್ನು ಮೇಲೆ ಕೆಳಗೆ ಮಾಡಿ ಸಂಖ್ಯೆ ಕೂಡಿಸುತ್ತಾರೆ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಟೈರ್ ಅಳತೆ, ಹೌಸಿಂಗಿನ ಅನುಪಾತ ಇವೆಲ್ಲ ನಿಯಂತ್ರಕದೊಳಗೆ ಕೂತಿರುತ್ತವೆ, ಕಂಪನಿಯ ಸರ್ವಿಸ್ ಕೇಂದ್ರದ ಲ್ಯಾಪ್‌ಟಾಪ್ ಬೇಕು. ಸಂಕೇತದ ತಂತಿ ಕತ್ತರಿಸಿ ನಡುವೆ ಡಬ್ಬಿಯೊಂದನ್ನು ಸೇರಿಸಿ ಮಿಡಿತಗಳನ್ನು ಹೆಚ್ಚು ಕಡಿಮೆ ಮಾಡುವ ಉಪಾಯವೂ ಚಾಲ್ತಿಯಲ್ಲಿದೆ. ಅಂಥ ಡಬ್ಬಿ ಪ್ರಾಮಾಣಿಕ ತಿದ್ದುಪಡಿಗೆ ಎಷ್ಟು ಉಪಯುಕ್ತವೋ ಗವರ್ನರಿಗೆ ಮೋಸ ಮಾಡಲೂ ಅಷ್ಟೇ ಉಪಯುಕ್ತ. ಆ ಕಾರಣಕ್ಕೇ ಅದನ್ನು ದೂರವಿಡುವುದು ಮೇಲು.

ಕೇಬಲ್ ಮೀಟರಿನಲ್ಲಿ ಗುಣಾಂಕದ ಜಾಗದಲ್ಲಿರುವುದು ಗೇರ್ ಬಾಕ್ಸಿನ ಹಿಂದಿನ ಸಣ್ಣ ಪಿನಿಯನ್. ಅದರ ಹಲ್ಲು ಹೆಚ್ಚಾದಷ್ಟೂ ಕೇಬಲ್ ನಿಧಾನವಾಗಿ ತಿರುಗುತ್ತದೆ. ಓಡೋಮೀಟರ್ 60 ಕಿಲೋಮೀಟರಿಗೆ 63 ತೋರಿಸುತ್ತಿದ್ದು ಪಿನಿಯನ್ನಿಗೆ 18 ಹಲ್ಲಿದ್ದರೆ, 18ನ್ನು 63ರಿಂದ ಗುಣಿಸಿ 60ರಿಂದ ಭಾಗಿಸಿದಾಗ 18.9 ಬರುತ್ತದೆ; 19 ಹಲ್ಲಿನ ಪಿನಿಯನ್ ಬೇಕು. ಹಲ್ಲಿನಲ್ಲಿ ಭಿನ್ನರಾಶಿ ಇಲ್ಲವಾದ್ದರಿಂದ ಹತ್ತಿರದ ಪೂರ್ಣಸಂಖ್ಯೆಗೆ ಒಪ್ಪಿಕೊಳ್ಳಬೇಕಾಗುತ್ತದೆ. ಬೇಕಾದ ಪಿನಿಯನ್ ಸಿಗದಿದ್ದರೆ ಕೇಬಲ್ಲಿನ ನಡುವೆ ಅನುಪಾತ ಬದಲಿಸುವ ಪುಟ್ಟ ಗೇರ್ ಡಬ್ಬಿ ಹಾಕುತ್ತಾರೆ. ಮೀಟರನ್ನೇ ಬದಲಿಸುವಾಗ ಡಯಲಿನ ಮೇಲೆ ಸಣ್ಣಕ್ಷರದಲ್ಲಿ ಮುದ್ರಿಸಿರುವ ಸಂಖ್ಯೆ ನೋಡುವುದನ್ನು ಮರೆಯಬಾರದು. ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ಬೇಕೆಂದು ಅದು ಹೇಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ನೋಡಲು ಒಂದೇ ಥರ ಇರುವ ಎರಡು ಮೀಟರುಗಳ ಈ ಸಂಖ್ಯೆ ಬೇರೆ ಇದ್ದರೆ, ಅಗ್ಗದ್ದನ್ನು ಕೊಂಡವನಿಗೆ ಹೊಸ ಮೀಟರಿನ ಜೊತೆ ಹೊಸ ತಪ್ಪೂ ಸಿಕ್ಕಿರುತ್ತದೆ.

ಕೇಬಲ್ಲಿನ ಆರೈಕೆ ಸುಲಭ, ಆದರೆ ಅತಿಯಾದರೆ ಕೆಟ್ಟದ್ದು. ಚೂಪಾಗಿ ಬಾಗಿದ ಕೇಬಲ್ ಒಳಗೆ ತಂತಿ ಹಿಡಿದು ಬಿಟ್ಟು ತಿರುಗುವುದರಿಂದ ಮುಳ್ಳು ನಡುಗುತ್ತದೆ. ಎಲ್ಲಿಯೂ ಒಂದು ಗೇಣಿಗಿಂತ ಬಿಗಿಯಾದ ಬಾಗು ಇರದಂತೆ ಎಳೆಯಬೇಕು. ಒಳತಂತಿಯನ್ನು ಹೊರತೆಗೆದು ಒರೆಸಿ, ಗೇರ್ ಬಾಕ್ಸಿನ ಕಡೆಯ ಮೂರನೇ ಎರಡು ಭಾಗಕ್ಕಷ್ಟೇ ತೆಳ್ಳಗೆ ಗ್ರೀಸ್ ಸವರಬೇಕು. ಮೇಲ್ತುದಿಯವರೆಗೂ ಬಳಿದರೆ ಗ್ರೀಸ್ ತಿರುಗುತ್ತ ಮೇಲೇರಿ ಮೀಟರಿನ ಬಟ್ಟಲಿಗೆ ಅಂಟಿ, ಮುಳ್ಳು ಕೊನೆಯ ಅಂಕಿಗೆ ಹಾರಿ ಅಲ್ಲೇ ಕೂರುತ್ತದೆ. ಸೆನ್ಸರ್ ಇರುವ ಲಾರಿಯಲ್ಲಿ ಮುಳ್ಳು ಒಮ್ಮೊಮ್ಮೆ ಸೊನ್ನೆಗೆ ಬಿದ್ದು ಎದ್ದರೆ ಗುಣಾಂಕ ಮುಟ್ಟುವ ಮೊದಲು ಸೆನ್ಸರಿನ ತುದಿ ಬಿಚ್ಚಿ ನೋಡಬೇಕು. ಅಲ್ಲಿ ಕಬ್ಬಿಣದ ಪುಡಿ ಮೆತ್ತಿರುವುದು, ಮಳೆಗಾಲದಲ್ಲಿ ಕನೆಕ್ಟರಿಗೆ ನೀರು ಹೊಕ್ಕು ಹಸಿರು ಕಿಲುಬು ಹಿಡಿದಿರುವುದು ಮಾಮೂಲು.

ಎಫ್‌ಸಿಗೆ, ಅಂದರೆ ಅರ್ಹತಾ ಪತ್ರದ ತಪಾಸಣೆಗೆ, ಹೋದಾಗ ಈ ಪರೀಕ್ಷೆಯೂ ಆಗುತ್ತದಲ್ಲ ಎಂದು ಮಾಲೀಕರು ಸುಮ್ಮನಿರುವುದುಂಟು. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ನವೀಕರಿಸಬೇಕು. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಲ್ಲಿ ಹಿಂದಿನ ಚಕ್ರವನ್ನು ರೋಲರುಗಳ ಮೇಲೆ ಓಡಿಸಿ ಮೀಟರನ್ನೂ ಗವರ್ನರನ್ನೂ ನೋಡುವ ವ್ಯವಸ್ಥೆಯಿದೆ. ಆದರೆ ಎರಡು ಎಫ್‌ಸಿಗಳ ನಡುವೆ ಲಾರಿಯ ಟೈರ್ ಒಮ್ಮೆಯಾದರೂ ಬದಲಾಗಿರುತ್ತದೆ. ರೋಲರಿನ ಗುಂಡನೆಯ ಮೈ ಟೈರನ್ನು ರಸ್ತೆಗಿಂತ ಹೆಚ್ಚು ಒತ್ತುವುದರಿಂದ ಅಲ್ಲಿಯ ಅಂಕಿಗೂ ರಸ್ತೆಯ ಅಂಕಿಗೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಯೂರೋಪಿನಲ್ಲಿ ಲಾರಿಯ ವೇಗ, ದೂರ ದಾಖಲಿಸುವ ಟ್ಯಾಕೋಗ್ರಾಫನ್ನು ಎರಡು ವರ್ಷಕ್ಕೊಮ್ಮೆ ಅಧಿಕೃತ ಗ್ಯಾರೇಜಿನಲ್ಲಿ ಅಳತೆ ಮಾಡಿ, ಟೈರಿನ ಸುತ್ತಳತೆ ಮತ್ತು ಮಿಡಿತದ ಗುಣಾಂಕ ಎರಡನ್ನೂ ಬರೆದ ಫಲಕವನ್ನು ಅಂಟಿಸುತ್ತಾರೆ. ಭಾರತದ ಲಾರಿಗೆ ಅಂಥ ಕಡ್ಡಾಯವಿಲ್ಲ, ಆದರೆ ಆ ಎರಡು ಸಂಖ್ಯೆಗಳನ್ನು ಬಾಗಿಲ ಒಳಬದಿಯಲ್ಲಿ ಬರೆದಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಓಡೋಮೀಟರ್ ಸರಿಯಿರುವುದರ ಬೆಲೆ ಟ್ರಿಪ್ ಶೀಟಿನಲ್ಲಿ ಕಾಣುತ್ತದೆ. 1,000 ಕಿಲೋಮೀಟರಿನ ದಾರಿಗೆ ಲಾರಿ 250 ಲೀಟರ್ ಡೀಸೆಲ್ ಕುಡಿದರೆ ನಿಜವಾದ ಮೈಲೇಜ್ ಲೀಟರಿಗೆ 4.0. ಸವೆದ ಟೈರಿನಿಂದಾಗಿ ಓಡೋಮೀಟರ್ 1,030 ತೋರಿಸುತ್ತಿದ್ದರೆ ಶೀಟಿನಲ್ಲಿ 4.12 ಬರುತ್ತದೆ, ಮಾಲೀಕ ಖುಷಿಯಾಗಿರುತ್ತಾನೆ. ಹೊಸ ಟೈರ್ ಹಾಕಿದ ಮೇಲೆ ಅದೇ ದಾರಿಗೆ ಓಡೋಮೀಟರ್ 1,007 ತೋರಿಸಿ ಮೈಲೇಜ್ 4.03ಕ್ಕೆ ಇಳಿಯುತ್ತದೆ. ದಾರಿಯಲ್ಲಿ ಡೀಸೆಲ್ ಮಾರಿದನೆಂಬ ಅನುಮಾನ ಡ್ರೈವರಿನ ಮೇಲೆ ಬೀಳುತ್ತದೆ. ಟೈರ್ ಬದಲಾದ ತಾರೀಖನ್ನು ಟ್ರಿಪ್ ಶೀಟಿನ ಮೇಲೆ ಬರೆದಿದ್ದರೆ ಇಂಥ ಜಗಳಗಳಲ್ಲಿ ಕೆಲವಾದರೂ ಹುಟ್ಟುವ ಮೊದಲೇ ಮುಗಿಯುತ್ತವೆ.

ಗುಣಾಂಕ ತಿದ್ದುವುದೆಂದರೆ ಇನ್ನು ಮುಂದಿನ ಎಣಿಕೆಯನ್ನು ಸರಿಪಡಿಸುವುದು ಮಾತ್ರ. ಈಗಾಗಲೇ ಕೂಡಿರುವ ಕಿಲೋಮೀಟರುಗಳನ್ನು ಹಿಂದಕ್ಕೆ ತಿರುಗಿಸುವುದು ತಿದ್ದುಪಡಿಯಲ್ಲ, ಮುಂದೆ ಲಾರಿ ಕೊಳ್ಳುವವನಿಗೆ ಮಾಡುವ ವಂಚನೆ. ಮೀಟರನ್ನೇ ಬದಲಿಸಬೇಕಾಗಿ ಬಂದರೆ ಹಳೆಯದರಲ್ಲಿದ್ದ ಅಂಕಿ ಮತ್ತು ಬದಲಿಸಿದ ದಿನಾಂಕವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ತಿದ್ದಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಭಾರದಲ್ಲಿ ಇನ್ನೊಮ್ಮೆ ಅಳೆದು, ಗವರ್ನರ್ ನಿಜವಾದ 80ಕ್ಕೆ, ಟ್ಯಾಂಕರ್ ಡಂಪರುಗಳಲ್ಲಿ 60ಕ್ಕೆ, ಹಿಡಿಯುತ್ತಿದೆಯೇ ಎಂದು ಜಿಪಿಎಸ್ ಇಟ್ಟು ನೋಡಬೇಕು. ಗವರ್ನರಿನ ಸೀಲ್ ಒಡೆಯಬೇಕಾಗಿ ಬಂದರೆ ಅದರ ಅಧಿಕೃತ ಡೀಲರಿನಿಂದಲೇ ಮತ್ತೆ ಸೀಲ್ ಹಾಕಿಸಬೇಕು. ಹಿಂದಿನ ಟೈರುಗಳ ಅಳತೆ, ಕ್ರೌನ್-ಪಿನಿಯನ್, ಗೇರ್ ಬಾಕ್ಸ್, ಸೆನ್ಸರ್, ಮೀಟರ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ; ಅವಾವುದೂ ಬದಲಾಗದ ಲಾರಿಗೆ ಹೊಸ ಟೈರ್ ಹಾಕಿದಾಗ ಒಮ್ಮೆ, ಅವು ಅರ್ಧ ಸವೆದಾಗ ಒಮ್ಮೆ ನೋಡಿದರೆ ಸಾಕು.